ಗಾಜಿನ ಆಚೆಯಿಂದ ಒಂದು ಶರಣಾರ್ಥಿ

ಕಳೆದ ವಾರ ಬಸವಕಲ್ಯಾಣದ ಪೇಟೆಯಲ್ಲಿ, ಮಟಮಟ ಮಧ್ಯಾಹ್ನ, ನಾನು ದಾರಿಹೋಕರಿಗೆಲ್ಲ ಕೈ ಮುಗಿದು ಕಾಪಾಡಿ ಎಂದು ಬೇಡಿಕೊಂಡೆ.

ಅವರೂ ನನಗೆ ಕೈ ಮುಗಿದರು. ನಕ್ಕರು. ಮುಂದೆ ಹೋದರು.

ಒಬ್ಬರಲ್ಲ, ಇಬ್ಬರಲ್ಲ. ಆ ಓಣಿಯಲ್ಲಿ ನನ್ನ ಕಡೆ ನೋಡಿದವರೆಲ್ಲ ಹೀಗೇ ಮಾಡಿದರು. ಒಬ್ಬ ಹಿರಿಯರಂತೂ ಬಗಲಲ್ಲಿದ್ದ ಚೀಲವನ್ನು ಕೆಳಗಿಟ್ಟು, ಎರಡೂ ಕೈ ಜೋಡಿಸಿ, ತಲೆ ಬಾಗಿಸಿ, ಮತ್ತೆ ಚೀಲ ಎತ್ತಿಕೊಂಡು ನಡೆದರು. ಅಷ್ಟು ಮರ್ಯಾದೆಯಿಂದ ನನ್ನನ್ನು ಯಾರೂ ಸಾಯಲು ಬಿಟ್ಟಿರಲಿಲ್ಲ.

ಅವರ ತಪ್ಪೇನಿಲ್ಲ. ನಾನು ಕಾರಿನೊಳಗಿದ್ದೆ. ಗಾಜು ಪೂರ್ತಿ ಏರಿತ್ತು. ಬಾಗಿಲು ಲಾಕ್ ಆಗಿತ್ತು. ಹೊರಗಿನವರಿಗೆ ಕಂಡದ್ದು, ಕಾರಿನಲ್ಲಿ ಆರಾಮಾಗಿ ಕೂತು ಕೈ ಮುಗಿಯುತ್ತಿರುವ ದಪ್ಪನೆಯ ಮನುಷ್ಯ, ಪಕ್ಕದಲ್ಲಿ ಕರಿ ಕನ್ನಡಕ ಹಾಕಿಕೊಂಡ ಒಬ್ಬ ಅಜ್ಜಿ. ನೀವಾಗಿದ್ದರೆ ಏನು ಮಾಡುತ್ತಿದ್ದಿರಿ?

ಆ ಅಜ್ಜಿ ನನ್ನ ಸೋದರತ್ತೆ ಗುರಮ್ಮ. ಎಂಬತ್ತರ ಆಸುಪಾಸಿನ ಜೀವ. ಬಿಪಿ ಇದೆ, ಶುಗರ್ ಇದೆ. ಇತ್ತೀಚೆಗಷ್ಟೇ ಕಣ್ಣಿನ ಪೊರೆ ತೆಗೆಸಿದ್ದೇವೆ. ಕರಿ ಕನ್ನಡಕ ಅದಕ್ಕೇ.

ಮುಂದಿನದನ್ನು ಹೇಳುವ ಮೊದಲು ಒಂದು ಎಚ್ಚರಿಕೆ. ಈ ಅಂಕಣ ಓದುವವರಿಗೆ ಗೊತ್ತೇ ಇದೆ, ನಾನು ಯಾವುದನ್ನೂ ಸುಲಭಕ್ಕೆ ನಂಬುವವನಲ್ಲ. ವಿಶ್ವವಿದ್ಯಾಲಯದಲ್ಲಿ ಸಮಾಜಶಾಸ್ತ್ರ ಓದಿ ಬಂದ ಮೇಲೆ ಹತ್ತಿಕೊಂಡ ಚಟ. ಈಚೀಚೆಗೆ ನನ್ನ ನೆನಪನ್ನೂ ನಾನು ನಂಬುತ್ತಿಲ್ಲ. (ಕಳೆದ ತಿಂಗಳು ಒಂದೇ ಔಷಧವನ್ನು ಎರಡು ಸಲ ತಂದೆ. ಎರಡು ಸಲವೂ ಅದು ನನಗೆ ಬೇಕಾದ ಔಷಧವಲ್ಲ.) ಹಾಗಾಗಿ ಇಲ್ಲಿ ಬರೆಯುವುದನ್ನು ಸಾಧ್ಯವಾದಷ್ಟು ಬೇರೆಯವರ ಹತ್ತಿರ ಕೇಳಿ ತಾಳೆ ನೋಡಿದ್ದೇನೆ. ತಾಳೆಯಾಗದ ಕಡೆ ಹಾಗೆಂದು ಹೇಳುತ್ತೇನೆ.

ನಾವು ಹೊರಟದ್ದು ಹುಮನಾಬಾದಿನಿಂದ. ನಾನು, ಹೆಂಡತಿ ಸುನಂದಾ, ಅತ್ತೆ. ಬಸವಕಲ್ಯಾಣದಲ್ಲಿ ಅತ್ತೆಯ ಮರಿಮಗಳ ನಾಮಕರಣ. ಹೊಸ ಕಣ್ಣಿನಿಂದ ಮೊದಲು ಕೂಸಿನ ಮುಖ ನೋಡಬೇಕು ಎಂದು ಅತ್ತೆ ಆಸೆಪಟ್ಟು ಕೂತಿದ್ದರು. ಕಾರು ಓಡಿಸುವುದು ಸುನಂದಾ. ನಾನು ಪಕ್ಕದಲ್ಲೋ ಹಿಂದೆಯೋ ಕೂತು ರಸ್ತೆಯ ಬಗ್ಗೆ ಅಭಿಪ್ರಾಯ ಹೇಳುತ್ತೇನೆ. ಅವತ್ತು ಅತ್ತೆಯ ಜೊತೆ ಹಿಂದೆ ಕೂತಿದ್ದೆ. ಡಿಕ್ಕಿಯಲ್ಲಿ ಮರದ ತೊಟ್ಟಿಲು, ಅದರ ಕೆಳಗೆ ಅತ್ತೆಯ ಚೀಲ, ಚೀಲದಲ್ಲಿ ಅತ್ತೆಯ ಫೋನು. ನನ್ನ ಫೋನು ನನ್ನ ಜೇಬಿನಲ್ಲಿತ್ತು. ಪ್ರಮಾಣ ಮಾಡಿ ಹೇಳುತ್ತಿದ್ದೆ. (ಅದು ಹುಮನಾಬಾದಿನ ಮನೆಯಲ್ಲಿ ಚಾರ್ಜಿಗೆ ಹಾಕಿದಲ್ಲೇ ಇತ್ತು.)

ದಾರಿಯಲ್ಲಿ ರಾಜೇಶ್ವರ ಎಂಬ ಊರು ದಾಟುವಾಗ ಸುನಂದಾಗೆ ನೆನಪಾಯಿತು, ಬಾಣಂತಿಗೆ ಸೀರೆ ತಂದಿಲ್ಲ. ಕಲ್ಯಾಣದ ಪೇಟೆಯ ಒಂದು ಓಣಿಯಲ್ಲಿ ಗೋಡೆಗೆ ಒತ್ತಿ ಕಾರು ನಿಲ್ಲಿಸಿದಳು. ಆಚೆ ಒಂದು ಅಂಗಡಿಯ ಕಟ್ಟೆ, ಅದರ ಮೇಲೆ ನೆರಳು.

"ನೀವಿಬ್ಬರೂ ಇಳದು ಆ ಕಟ್ಟಿ ಮ್ಯಾಲ ಕೂಡ್ರಿ. ಒಂದು ಸೀರಿ, ಜಲ್ದಿ ಬಂದೆ," ಎಂದಳು.

ನಾನು "ನಾವು ಒಳಗೇ ಇರ್ತೀವಿ" ಎಂದೆ. ಇದು ನನ್ನ ನೆನಪು. ನಾನು "ಹೂಂ" ಎಂದೆ. ಇದು ಸುನಂದಾಳ ನೆನಪು. ಅತ್ತೆಯ ಪ್ರಕಾರ ನಾನು ಏನೂ ಅನ್ನಲಿಲ್ಲ, ಆಕಳಿಸಿದೆ.

ಅಷ್ಟರಲ್ಲಿ ಅತ್ತೆಯ ಕರಿ ಕನ್ನಡಕ ಜಾರಿ ಮುಂದಿನ ಸೀಟಿನ ಕೆಳಗೆ ಹೋಯಿತು. ನಾನು ಬಗ್ಗಿದೆ. ನನಗೆ ಸಿಗಲಿಲ್ಲ ಎಂದು ಅತ್ತೆಯೂ ಬಗ್ಗಿದರು. ಓಣಿಯ ತುದಿ ಮುಟ್ಟಿದ್ದ ಸುನಂದಾ ಹಿಂದಿರುಗಿ ನೋಡಿದಳು. ಕಾರಿನಲ್ಲಿ ಯಾರೂ ಇಲ್ಲ. ರಿಮೋಟ್ ಒತ್ತಿದಳು. ಕಾರು ಒಮ್ಮೆ ಕುಂಯ್ ಎಂದಿತು. ಕನ್ನಡಕ ಸಿಕ್ಕು ನಾವು ಮೇಲೇಳುವ ಹೊತ್ತಿಗೆ ಅವಳು ತಿರುವು ದಾಟಿದ್ದಳು.

ನಮ್ಮ ಕಾರಿನದೊಂದು ವಿಶೇಷ. ಹೊರಗಿನಿಂದ ರಿಮೋಟ್ ಒತ್ತಿದರೆ ಒಳಗಿನ ಹಿಡಿಕೆಗಳೂ ಕೆಲಸ ಬಿಡುತ್ತವೆ, ಕೀಲಿ ಇಲ್ಲದೆ ಗಾಜೂ ಇಳಿಯುವುದಿಲ್ಲ. ಕಳ್ಳ ಗಾಜು ಒಡೆದು ಕೈ ಹಾಕಿದರೂ ಬಾಗಿಲು ತೆಗೆಯಬಾರದಲ್ಲ, ಅದಕ್ಕೆ. ಕಾರು ಮಾರಿದವನು ಇದನ್ನು ಬಹಳ ಹೆಮ್ಮೆಯಿಂದ ಹೇಳಿದ್ದನಂತೆ. ನನಗೆ ನೆನಪಿಲ್ಲ. ಕಳ್ಳನಿಗಾಗಿ ಇಷ್ಟೆಲ್ಲ ಯೋಚನೆ ಮಾಡಿದವರು ಅತ್ತೆಯಂದಿರ ಬಗ್ಗೆ ಸ್ವಲ್ಪ ಯೋಚಿಸಬಾರದಿತ್ತೆ?

"ಅತ್ತಿ, ಬಾಗಲಾ ತಗಿಯಾಕ ಬರವಲ್ದು," ಎಂದೆ.

"ಬರವಲ್ದಂದ್ರ?"

"ಸುನಂದಾ ಲಾಕ್ ಮಾಡ್ಕೊಂಡು ಹೋಗ್ಯಾಳ."

"ನಾವು ಒಳಗ ಇದ್ದಾಗ?"

"ನಾವು ಆಕಿಗಿ ಕಾಣಸ್ಲಿಲ್ಲ."

ಅತ್ತೆ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಇಷ್ಟ ದಪ್ಪ ಇದ್ದೀ. ಕಾಣಸ್ಲಿಲ್ಲ?"

ಮೊದಲು ನಕ್ಕೆವು. ಏಸಿಯ ತಂಪು ಇನ್ನೂ ಉಳಿದಿತ್ತು. ಸೀರೆ ತಾನೆ, ಬರುತ್ತಾಳೆ ಎಂದುಕೊಂಡೆವು. (ಒಂದು ಸೀರೆ ಕೊಳ್ಳಲು ಎಷ್ಟು ಹೊತ್ತು ಬೇಕು ಎಂದು ಮದುವೆಯಾದ ಗಂಡಸು ಇನ್ನೂ ಅಂದಾಜು ಮಾಡುತ್ತಾನೆ ಎಂದರೆ ಅವನ ನೆನಪಿನ ಶಕ್ತಿ ನಿಜಕ್ಕೂ ಕೈಕೊಟ್ಟಿದೆ.) ತಂಪು ಹೋಯಿತು. ಆಮೇಲೆ ಗಾಜು ಬಿಸಿಯಾಯಿತು. ಆಮೇಲೆ ಸೀಟು ಬಿಸಿಯಾಯಿತು. ನಮ್ಮ ಕಡೆಯ ಏಪ್ರಿಲ್ ಬಿಸಿಲು ನಿಮಗೆ ಗೊತ್ತು. ಮುಚ್ಚಿದ ಕಾರಿನಲ್ಲಿ ಅದು ಇನ್ನೊಂದು ಬಗೆಯ ಪ್ರಾಣಿ.

ಎರಡು ಸೀಟಿನ ನಡುವೆ ಕಷ್ಟಪಟ್ಟು ಮೈ ತೂರಿಸಿ ಹಾರ್ನ್ ಒತ್ತಿದೆ. ಜೋರಾಗಿಯೇ ಕೂಗಿತು.

ಎದುರಿಗೆ ಕಲ್ಲಂಗಡಿ ಮಾರುವ ಕೈಗಾಡಿಯವನಿದ್ದ. ಹಾರ್ನ್ ಕೇಳಿದೊಡನೆ ಅವನು ತನ್ನ ಗಾಡಿಯನ್ನು ಪಕ್ಕಕ್ಕೆ ಸರಿಸಿ, ಹೋಗಿ ಎಂದು ಕೈ ಮಾಡಿದ. ಮತ್ತೆ ಒತ್ತಿದೆ. ಇನ್ನಷ್ಟು ಸರಿಸಿದ. ಮೂರನೆಯ ಸಲ ಒತ್ತಿದಾಗ ಗಾಡಿಯನ್ನು ಚರಂಡಿಯ ಅಂಚಿಗೆ ತಂದು, ಒಂದು ಹಣ್ಣು ಉರುಳಿ ಬಿದ್ದರೂ ಲೆಕ್ಕಿಸದೆ, ದಾರಿ ಪೂರಾ ಖಾಲಿ ಮಾಡಿ ಕೊಟ್ಟ. ಹುಮನಾಬಾದಿನ ಹೈವೇ ಮೇಲೆ ಲಾರಿಯವರು ಎದೆ ನಡುಗುವ ಹಾಗೆ ಹಾರ್ನ್ ಹೊಡೆದರೂ ಜಗ್ಗದ ನಾಡಿನಲ್ಲಿ, ನಿಂತ ಕಾರಿಗೆ ದಾರಿ ಬಿಡುವ ಸಜ್ಜನ ಅಂದೇ ಸಿಗಬೇಕೆ?

ಆಗ ಕೈ ಮುಗಿಯಲು ಶುರು ಮಾಡಿದೆ. ಬಾಯಿ ಬಿಟ್ಟು ಕೂಗಿದೆ ಕೂಡ. ಪೇಟೆಯ ಗದ್ದಲದಲ್ಲಿ ಗಾಜಿನಾಚೆ ಏನೂ ಕೇಳುವುದಿಲ್ಲ. ನನ್ನ ಬಾಯಿ ಆಡುವುದು, ಕೈ ಜೋಡಿಸುವುದು ಕಾಣುತ್ತದೆ, ಅಷ್ಟೆ. ಕಲ್ಯಾಣದಲ್ಲಿ ಹಾಗೆ ಕಂಡರೆ ಅದಕ್ಕೆ ಒಂದೇ ಅರ್ಥ. ಶರಣು. ಅದಕ್ಕೆ ಒಂದೇ ಉತ್ತರ. ಶರಣಾರ್ಥಿ. ಟೊಪ್ಪಿಗೆಯವರು, ಪಂಚೆಯವರು, ಬೈಕಿನ ಹುಡುಗರು, ಎಲ್ಲರೂ ಉತ್ತರ ಕೊಟ್ಟರು. ಬುರ್ಖಾ ತೊಟ್ಟ ಒಬ್ಬ ತಾಯಿ ಹಣೆಗೆ ಕೈ ಮುಟ್ಟಿಸಿ ಸಲಾಂ ಮಾಡಿದರು.

ಇದಕ್ಕಿಂತ ವಿಚಿತ್ರವೆಂದರೆ, ಹಾಗೆ ಕೈ ಮುಗಿದವರಿಗೆಲ್ಲ ಅತ್ತೆ ಒಳಗಿನಿಂದ ನಗುತ್ತ ತಿರುಗಿ ಕೈ ಮುಗಿಯುತ್ತಿದ್ದರು.

"ಅತ್ತಿ, ನೀವು ನಗಬ್ಯಾಡ್ರಿ. ನಾವು ಆರಾಮ ಇದ್ದೀವಿ ಅಂತ ತಿಳಕೊಳ್ಳಾಕತ್ತಾರ."

"ಮತ್ತ ಏನ್ ಮಾಡ್ಲೋ? ಅವರು ಅಷ್ಟ ಚಂದ ಶರಣ ಅಂತಾರ. ಹೊಳ್ಳಿ ಅನ್ನಲಿಲ್ಲಂದ್ರ ಹ್ಯಾಂಗ?"

ಅದೇ ಹೊತ್ತಿಗೆ ಡಿಕ್ಕಿಯಲ್ಲಿ ಅತ್ತೆಯ ಫೋನು ರಿಂಗಾಯಿತು. ತೊಟ್ಟಿಲ ಕೆಳಗೆ, ಚೀಲದೊಳಗೆ, ನಮ್ಮ ಬೆನ್ನ ಹಿಂದೆಯೇ ರಿಂಗಾಯಿತು. ಸೀಟಿನ ಹಿಂದೆ ಕೈ ಹಾಕಿದೆ. ತೊಟ್ಟಿಲ ಕಾಲು ಸಿಕ್ಕಿತು. ಫೋನು ರಿಂಗಾಗಿ ರಿಂಗಾಗಿ ನಿಂತಿತು. (ಸುನಂದಾ ಮಾಡಿದ ಕರೆ. ಸೀರೆ ಹಸಿರೋ ಕೆಂಪೋ ಎಂದು ಕೇಳಲು. ಎತ್ತಲಿಲ್ಲ ಎಂದರೆ ಕಟ್ಟೆಯ ಮೇಲೆ ಹರಟೆಯಲ್ಲಿ ಕೂತಿದ್ದಾರೆ ಎಂದುಕೊಂಡಳಂತೆ.)

ಬಿಸಿಲು ತಿರುಗಿ ಅತ್ತೆಯ ಕಡೆಗೇ ಬಂತು. ನಾನು ನನ್ನ ಅಂಗಿ ಬಿಚ್ಚಿ ಆ ಕಡೆಯ ಗಾಜಿನ ಮೇಲಂಚಿಗೆ ಸಿಕ್ಕಿಸಲು ನೋಡಿದೆ. ನಿಲ್ಲಲಿಲ್ಲ. ಅಂಗಿಯಿಂದಲೇ ಗಾಳಿ ಬೀಸಿದೆ. ಬಿಸಿ ಗಾಳಿ. ಅತ್ತೆಯ ತುಟಿ ಒಣಗಿತ್ತು. ಕೊರಳ ಸುತ್ತ ಸೆರಗು ತೊಯ್ದು ಅಂಟಿಕೊಂಡಿತ್ತು. ನೀರಿನ ಬಾಟಲಿಯಲ್ಲಿ ಒಂದು ಗುಟುಕು ಉಳಿದಿತ್ತು. ಅವರಿಗೆ ಕುಡಿಸಿದೆ.

ಗಾಜು ಒಡೆಯಬೇಕು. ಸೀಟಿನ ತಲೆದಿಂಬು ಕಿತ್ತು ಅದರ ಕಬ್ಬಿಣದ ಸರಳಿನಿಂದ ಒಡೆಯಬಹುದು ಎಂದು ಯಾವುದೋ ವಿಡಿಯೊದಲ್ಲಿ ನೋಡಿದ್ದೆ. ಮೂಲೆಗೆ ಹೊಡೆಯಬೇಕೋ, ನಡುವೆ ಹೊಡೆಯಬೇಕೋ? ಒಂದನ್ನು ಮಾಡಲೇಬಾರದು ಎಂದು ಆ ವಿಡಿಯೊದವನು ಒತ್ತಿ ಹೇಳಿದ್ದ. ಯಾವುದನ್ನು ಎಂಬುದು ಮರೆತಿತ್ತು. ದಿಂಬೂ ಬರಲಿಲ್ಲ. ಎಳೆದೆ, ತಿರುಚಿದೆ, ಒದ್ದೆ.

"ಏ ಚಂದ್ರು, ಗಾಜ ಒಡೀಬ್ಯಾಡ. ಕೂಸಿಗಿ ಹೆಸರಿಡಾಕ ಹೊಂಟೀವಿ. ಒಡದ ಗಾಜಿನ ಗಾಡಿ ತೊಗೊಂಡು ಹೋಗ್ತೀ?"

"ಜೀವ ಹೋದ್ರ ಶಕುನ ನೋಡ್ತೀರೇನ್ರಿ ಅತ್ತಿ?"

ಸಾಮಾನ್ಯವಾಗಿ ಇಂಥ ಮಾತಿಗೆ ಅತ್ತೆ ನನ್ನನ್ನು ಬಿಡುವವರಲ್ಲ. ನಲವತ್ತು ವರ್ಷದಿಂದ ದೇವರು, ಶಕುನ, ಗ್ರಹಣ ಎಂದು ನಮ್ಮಿಬ್ಬರ ಜಗಳ ನಡೆದೇ ಇದೆ. ಅವತ್ತು ಅವರು ತಲೆಯನ್ನು ಸೀಟಿಗೆ ಆನಿಸಿ ಬಾಯಿಂದ ಉಸಿರಾಡತೊಡಗಿದರು.

ನನಗೆ ನಿಜವಾಗಿ ಹೆದರಿಕೆಯಾದದ್ದು ಆಗ.

ಇನ್ನು ಮುಂದಿನದು ನನಗೆ ಚೆನ್ನಾಗಿ ನೆನಪಿದೆ. ಅಂದರೆ, ಚೆನ್ನಾಗಿ ನೆನಪಿದೆ ಎಂದು ಅನಿಸುತ್ತದೆ. ಅತ್ತೆ ಕಣ್ಣು ಮುಚ್ಚಿಕೊಂಡೇ ಹೇಳಿದರು.

"ನೀ ಕೈ ಮುಗಿಯೋದು ಬಿಡು."

"ಯಾಕ?"

"ಮುಗದಷ್ಟೂ ಅವರು ಹೊಳ್ಳಿ ಶರಣ ಅಂದು ಹೋಗಾಕತ್ತಾರ. ಇನ್ನ ಯಾರರ ಶರಣ ಅಂದ್ರ ಮಾರಿ ತಿರಗಸು."

"ಬೈತಾರ, ಅತ್ತಿ."

"ಬೈಯಾಕರೆ ಬರ್ತಾರಲ್ಲ."

ಅತ್ತೆ ಓಣಿಗೆ ಬೆನ್ನು ಮಾಡಿ, ಮುಖವನ್ನು ಗೋಡೆಯ ಕಡೆ ತಿರುಗಿಸಿ ಕೂತರು. ನಾನು ಬಿಗಿ ಮುಖ ಮಾಡಿಕೊಂಡು, ಹೊರಗಿನ ಜನರ ತಲೆಯ ಮೇಲಿಂದ ಎಲ್ಲೋ ನೋಡತೊಡಗಿದೆ. ಸಹಾಯ ಬೇಡುವವನು ಮುಖ ತಿರುಗಿಸಿ ಕೂರುವುದು ಎಷ್ಟು ಕಷ್ಟ ಎಂದು ಆಗ ಗೊತ್ತಾಯಿತು. ಕೈ ತಾನಾಗಿ ಮೇಲೇಳುತ್ತಿತ್ತು. ತೊಡೆಯ ಕೆಳಗೆ ಒತ್ತಿ ಇಟ್ಟುಕೊಂಡೆ.

ಬಿಳಿ ಟೊಪ್ಪಿಗೆಯ ಹಿರಿಯರು, ಆ ಚೀಲದವರು, ಪೇಟೆಯ ಕೆಲಸ ಮುಗಿಸಿ ಅದೇ ದಾರಿಯಲ್ಲಿ ವಾಪಸು ಬಂದರು. ನಮ್ಮನ್ನು ನೋಡಿ ಮತ್ತೆ ಕೈ ಮುಗಿದರು. ನಾವು ಮುಗಿಯಲಿಲ್ಲ. ಅರೆಕ್ಷಣ ನಿಂತರು. ಹೋದರು. ಉಪಾಯ ಕೆಟ್ಟಿತು ಎಂದುಕೊಂಡೆ.

ಅವರ ಹಿಂದೆಯೇ ಒಬ್ಬ ಅಜ್ಜಿ. ಕೈಯಲ್ಲಿ ಮೆಂತ್ಯೆ ಸೊಪ್ಪಿನ ಕಟ್ಟು. ಆಕೆಯೂ ಮೊದಲು ಹೋಗುವಾಗ ಅತ್ತೆಯೊಂದಿಗೆ ಶರಣು ಶರಣಾರ್ಥಿ ಮಾಡಿದವರೇ. ಈಗ ನಕ್ಕು ಶರಣು ಮಾಡಿದರು. ಅತ್ತೆಯ ಬೆನ್ನು ಅಲ್ಲಾಡಲಿಲ್ಲ. ಆ ಅಜ್ಜಿ ಎರಡು ಹೆಜ್ಜೆ ಮುಂದೆ ಹೋದವರು ತಿರುಗಿದರು. ನೇರ ಕಾರಿನ ಹತ್ತಿರ ಬಂದು, ಸೊಪ್ಪಿನ ಕಟ್ಟಿನಿಂದಲೇ ಗಾಜಿಗೆ ಬಡಿದು, ಬಾಯನ್ನು ಗಾಜಿಗೆ ಹಚ್ಚಿ ಕೇಳಿದರು. ಅಷ್ಟು ಹತ್ತಿರದಿಂದ ಕೇಳಿಸಿತು.

"ಯಾಕ ಯಕ್ಕಾ, ಹೋಗೋವಾಗ ಶರಣ ಅಂದಿ, ಬರೋವಾಗ ಮಾರಿ ತಿರಗಸ್ತಿ. ನಡಕ ಏನಾಯ್ತು? ಕರೀ ಚಷ್ಮಾ ಹಾಕ್ಕೊಂಡೀನಂತ ಸೊಕ್ಕ ಬಂತೇನು?"

ಜೀವನದಲ್ಲಿ ಯಾವ ಬೈಗುಳವೂ ನನಗೆ ಅಷ್ಟು ಸಿಹಿಯಾಗಿ ಕೇಳಿರಲಿಲ್ಲ. ನಾನು ಗಾಜಿಗೆ ಮುಖ ಒತ್ತಿ, ಹಿಡಿಕೆ ಎಳೆದು ಎಳೆದು ತೋರಿಸಿದೆ. ಅತ್ತೆಯನ್ನು ತೋರಿಸಿದೆ. ಆಕೆ ಹೊರಗಿನ ಹಿಡಿಕೆ ಹಿಡಿದು ಎಳೆದರು. ಬಾಗಿಲು ಬರಲಿಲ್ಲ. ಅತ್ತೆಯ ಮುಖ ನೋಡಿದರು. ಓಣಿಯ ಕಡೆ ತಿರುಗಿ ಕೂಗಿದರು.

"ಏ ಬರ್ರೋ ಇಲ್ಲಿ. ಮುದುಕಿ ಒಳಗ ಸಿಕ್ಕೊಂಡಾಳ."

(ನನ್ನ ಬಗ್ಗೆ ಹೇಳಲಿಲ್ಲ. ಇರಲಿ.)

ಆಮೇಲಿನದನ್ನು ನೋಡಬೇಕಿತ್ತು ನೀವು. ಅಲ್ಲಿಯವರೆಗೆ ಸುಮ್ಮನೆ ಹರಿದು ಹೋಗುತ್ತಿದ್ದ ಓಣಿ ಒಮ್ಮೆಗೇ ನಿಂತಿತು. ಕಲ್ಲಂಗಡಿಯವನು ಮೊದಲು ಓಡಿ ಬಂದ. ಖಾಜಾ ಎಂದು ಅವನ ಹೆಸರು. ತನ್ನ ಹಣ್ಣುಗಳ ಮೇಲೆ ಹೊದಿಸಿದ್ದ ಒದ್ದೆ ಗೋಣಿತಟ್ಟನ್ನು ಕಿತ್ತು ತಂದು ಅತ್ತೆಯ ಕಡೆಯ ಗಾಜಿನ ಮೇಲೆ ಹಾಕಿದ. ಬಟ್ಟೆ ಅಂಗಡಿಯವರು ಒಂದು ಹೊಸ ಚಾದರ ಬಿಚ್ಚಿ, ಆ ತುದಿಗೆ ಒಬ್ಬ ಈ ತುದಿಗೆ ಒಬ್ಬ ಹಿಡಿದು ಕಾರಿನ ಮೇಲೆ ನೆರಳು ಮಾಡಿದರು. ಯಾರೋ ಕೊಡಗಟ್ಟಲೆ ನೀರು ಟಾಪಿನ ಮೇಲೆ ಸುರಿದರು. ಒಬ್ಬ ಕಲ್ಲು ಎತ್ತಿಕೊಂಡು ನಿಂತೇ ಬಿಟ್ಟಿದ್ದ.

"ಒಡಿಲ್ಯಾ?"

"ತಡಿ ತಮ್ಮಾ, ಚೂರು ಮುದುಕಿ ಕಣ್ಣಾಗ ಬೀಳ್ತಾವ. ಮೊದಲ ಕೀಲಿ ಯಾರ ಹಂತ್ಯಾಕ ಅದ ಕೇಳು," ಎಂದರು ಸೊಪ್ಪಿನ ಅಜ್ಜಿ. "ಆಕಿ ಬರೋದು ತಡಾ ಆದ್ರ ಈ ಕಡಿ ಮುಂದಿಂದು ಒಡಿ."

ಹೆಂಡತಿ, ಸುನಂದಾ, ಸೀರೆ ಅಂಗಡಿ ಎಂದು ಒಳಗಿನಿಂದ ಅರಚಿದೆ. ಖಾಜಾ ಗಾಜಿಗೆ ಕಿವಿ ಹಚ್ಚಿ ಕೇಳಿಸಿಕೊಂಡ. ಅವನು ಕೂಗಿದ್ದು ಮುಂದಿನ ಅಂಗಡಿಯವನಿಗೆ, ಅವನು ಕೂಗಿದ್ದು ಅದರ ಮುಂದಿನವನಿಗೆ. ಅಂಗಡಿಯಿಂದ ಅಂಗಡಿಗೆ ಸುದ್ದಿ ಓಡಿತು. ಓಡುತ್ತ ಸ್ವಲ್ಪ ಬೆಳೆಯಿತು ಕೂಡ. ಸುನಂದಾ ಕೂತಿದ್ದ ಅಂಗಡಿ ಮುಟ್ಟುವಾಗ ಹುಮನಾಬಾದಿನ ಸುನಂದಾಬಾಯಿಯ ಗಂಡ ಕಾರಿನಲ್ಲಿ ಬೇಹೋಶ್ ಬಿದ್ದಿದ್ದಾನೆ, ಬಾಯಲ್ಲಿ ನೊರೆ ಬಂದಿದೆ ಎಂದಾಗಿತ್ತು. ಅವಳು ಎದ್ದು ಓಡಿದಳು. ಹೆಗಲ ಮೇಲೆ ಹಸಿರು ಸೀರೆ ಹಾಗೇ ಇತ್ತು. ಓಣಿಯ ತಿರುವಿನಲ್ಲೇ ರಿಮೋಟ್ ಎತ್ತಿ ಒತ್ತಿದಳು.

ಕುಂಯ್.

ಹತ್ತು ಕೈ ಒಟ್ಟಿಗೆ ಬಾಗಿಲು ತೆಗೆದವು. ಅತ್ತೆಯನ್ನು ಎತ್ತಿ ಕಟ್ಟೆಯ ನೆರಳಿಗೆ ತಂದರು. ಮುಖಕ್ಕೆ ನೀರು, ಬಾಯಿಗೆ ನೀರು. ಯಾರೋ ಬೀಸಣಿಗೆ, ಯಾರೋ ಮಜ್ಜಿಗೆ. ಪಕ್ಕದ ದವಾಖಾನೆಯಿಂದ ನರ್ಸಮ್ಮನನ್ನು ಕರೆತಂದು ಬಿಪಿ ನೋಡಿಸಿದರು. ಗಾಬರಿಯಿಲ್ಲ ಎಂದ ಮೇಲೆ ಓಣಿ ಉಸಿರು ಬಿಟ್ಟಿತು. ಸುನಂದಾ ಅತ್ತೆಯ ಕಾಲ ಹತ್ತಿರ ಕೂತು ಅಳುತ್ತಿದ್ದಳು.

"ಅಳಬ್ಯಾಡ. ಸೀರಿ ಚಂದ ಅದ," ಎಂದರು ಅತ್ತೆ.

ಆಗ ಖಾಜಾ ನನ್ನ ಕಡೆ ತಿರುಗಿದ. "ಸರ್, ನಾ ಎಷ್ಟ ಸರ್ತಿ ಗಾಡಿ ಸರಸಿದೆ. ಹಾರ್ನ್ ಹೊಡೀತಾರ, ಹೋಗಂಗಿಲ್ಲ. ಪಾಪ, ಡ್ರೈವಿಂಗ್ ಹೊಸದಾಗಿ ಕಲಿಯಾಕತ್ತಾರ ಅಂದ್ಕೊಂಡಿದ್ದೆ." ಎಲ್ಲರೂ ನಕ್ಕರು. ಬನಿಯನ್ನಿನಲ್ಲಿ ನಿಂತಿದ್ದ ನಾನೂ ನಕ್ಕೆ.

ಅತ್ತೆ ಸ್ವಲ್ಪ ಚೇತರಿಸಿಕೊಂಡೊಡನೆ ಮಾಡಿದ ಮೊದಲ ಕೆಲಸ ಯಾವುದು ಗೊತ್ತೆ? ಸೊಪ್ಪಿನ ಅಜ್ಜಿಯ ಕಡೆ ತಿರುಗಿ ಎರಡೂ ಕೈ ಜೋಡಿಸಿದರು.

"ಶರಣ್ರಿ ಯಕ್ಕಾ. ಆಗ ಬೇಕಂತಲೇ ಅನ್ನಲಿಲ್ಲ. ಈಗ ಅಂತೀನಿ."

ಅಷ್ಟಕ್ಕೆ ಮುಗಿಯಲಿಲ್ಲ. ಬಿಳಿ ಟೊಪ್ಪಿಗೆಯವರಿಗೂ ಹೀಗೇ ಆಯಿತು ಎಂದು ನಾನು ಬಾಯಿಬಿಟ್ಟದ್ದೇ ತಡ, ಅವರೆಲ್ಲಿ ಎಂದು ಅತ್ತೆ ಹಟ ಹಿಡಿದರು. ನಾಮಕರಣಕ್ಕೆ ಹೊತ್ತಾಗುತ್ತದೆ ಎಂದರೆ ಕೇಳಲಿಲ್ಲ. ಅವರು ಪಕ್ಕದ ಚಹಾ ಅಂಗಡಿಯಲ್ಲಿ ಸಿಕ್ಕರು. ಅತ್ತೆ ಕಟ್ಟೆಯಿಂದಲೇ ಶರಣು ಮಾಡಿ, ತಪ್ಪು ತಿಳಿಯಬೇಡಿ ಎಂದರು.

ಆ ಹಿರಿಯರು ಹೇಳಿದರು, "ತಪ್ಪ ಏನದವ್ವ. ಕರೀ ಚಷ್ಮಾ ನೋಡಿದೆ. ಕಣ್ಣ ಆಪರೇಷನ್ ಆಗ್ಯದ, ನಾ ಕಂಡಿಲ್ಲ ಅಂದ್ಕೊಂಡೆ. ಚಹಾ ಕುಡದು ಹೊಳ್ಳಿ ಬಂದು ಮಾತಾಡಸ್ಬೇಕಂತ ಇದ್ದೆ."

ಈ ಶರಣು, ನಮಸ್ಕಾರ, ಸಲಾಂಗಳೆಲ್ಲ ಅಭ್ಯಾಸದ ಮಾತು, ಬಾಯಿ ಆಡುತ್ತದೆ, ಒಳಗೆ ಏನೂ ಇರುವುದಿಲ್ಲ ಎಂದು ಇದೇ ಜಾಗದಲ್ಲಿ ಬರೆದವನು ನಾನು. ಅರ್ಧ ನಿಜ ಇರಬಹುದು. ನೋಡದೆಯೇ ಕೈ ಮುಗಿದು ಹೋಗುವವರು ಇದ್ದಾರೆ. ಆದರೆ ಕೊಟ್ಟ ಶರಣು ತಿರುಗಿ ಬರಲಿಲ್ಲ ಎಂದು ಒಬ್ಬರಿಗೆ ತಟ್ಟುತ್ತದೆ ನೋಡಿ, ಬಂದು ಗಾಜಿಗೆ ಬಡಿಯುವಷ್ಟು ತಟ್ಟುತ್ತದೆ ನೋಡಿ, ಅದು ಅಭ್ಯಾಸವೆ? ಇನ್ನೊಬ್ಬರು, ಪಾಪ ಆಕೆಗೆ ಕಾಣಿಸಿರಲಿಕ್ಕಿಲ್ಲ ಎಂದು ತಾವೇ ನಮ್ಮ ಪರವಾಗಿ ನೆಪ ಹುಡುಕುತ್ತಾರೆ ನೋಡಿ, ಅದಕ್ಕೆ ನನ್ನ ಪುಸ್ತಕಗಳಲ್ಲಿ ಏನು ಹೆಸರಿತ್ತು? ನೆನಪಿಲ್ಲ. ಇರಲಿಲ್ಲ ಎಂದೇ ಕಾಣುತ್ತದೆ.

ನಾಮಕರಣಕ್ಕೆ ತಡವಾಗಿಯೇ ಹೋದೆವು. ಅತ್ತೆ ಕೂಸನ್ನು ಮಡಿಲಲ್ಲಿ ಇಟ್ಟುಕೊಂಡು, ಕರಿ ಕನ್ನಡಕ ತೆಗೆದು, ಬಹಳ ಹೊತ್ತು ನೋಡಿದರು.

ವಾಪಸು ಬರುವಾಗ ಕಾರಿನಲ್ಲಿ ಕೇಳಿದೆ. "ಅತ್ತಿ, ಮಾರಿ ತಿರಗಸು ಅನ್ನೋ ವಿಚಾರ ನಿಮಗ ಹ್ಯಾಂಗ ಹೊಳೀತು?"

"ನಾ ಯಾವಾಗ ಅಂದೆ? ನೀನಾ ಅಂದಿ. ನನಗ ಬಿಸಲಿಗಿ ಕಣ್ಣ ಚುಚ್ಚಾಕತ್ತಿತ್ತು, ಆ ಕಡಿ ತಿರಗಿದೆ."

ನನ್ನ ಕಿವಿಯಲ್ಲಿ 'ಬೈಯಾಕರೆ ಬರ್ತಾರಲ್ಲ' ಎಂಬ ಮಾತು ಅವರ ದನಿಯಲ್ಲೇ ಇದೆ. ಬೇಕಂತಲೇ ಅನ್ನಲಿಲ್ಲ ಎಂದು ಕಟ್ಟೆಯ ಮೇಲೆ ಹೇಳಿದ್ದೂ ಅವರೇ. ಆದರೆ ಈ ಕಿವಿಯೂ, ಫೋನು ಜೇಬಿನಲ್ಲಿದೆ ಎಂದು ಹೇಳಿದ ತಲೆಗೇ ಸೇರಿದ್ದಲ್ಲವೆ? ಹೊಗಳಿಕೆಯನ್ನು ಅವರು ನನಗೆ ದಾಟಿಸಿದರೋ, ನಾನು ಅವರಿಗೆ ದಾಟಿಸಿದೆನೋ, ಇನ್ನೂ ತೀರ್ಮಾನವಾಗಿಲ್ಲ.

ಸಂಶಯದ ಮನುಷ್ಯ ಪರೀಕ್ಷೆ ಮಾಡದೆ ಬಿಡುತ್ತಾನೆಯೆ? ಕಲ್ಯಾಣದಲ್ಲಿ ಸರಿ, ಹೈವೇ ಊರಾದ ಹುಮನಾಬಾದಿನಲ್ಲಿ? ಮರುದಿನ ಬೆಳಿಗ್ಗೆ ವಾಕಿಂಗಿಗೆ ಹೋದಾಗ ನಮಸ್ಕಾರ ಅಂದವರಿಗೆ ನಾನು ತಿರುಗಿ ಅನ್ನಲಿಲ್ಲ. ಮುಖ ತಿರುಗಿಸಿ ನಡೆದೆ. ಯಾರೂ ಕೇಳಲಿಲ್ಲ. ನೋಡಿದೆಯಾ, ಎಂದು ನನಗೆ ನಾನೇ ಹೇಳಿಕೊಂಡೆ.

ಸಂಜೆ ಬಾಗಿಲು ಬಡಿಯಿತು. ಹಿಂದಿನ ಓಣಿಯ ಮೈನೋದ್ದೀನ್ ಸಾಬರು. ಔಷಧ ಕಾರ್ಖಾನೆಯಿಂದ ರಿಟೈರ್ ಆದವರು, ಬೆಳಿಗ್ಗೆ ನನಗೆ ಸಲಾಂ ಮಾಡಿದ್ದವರು. ಸುನಂದಾಗೆ ಮೆಲ್ಲಗೆ ಕೇಳುತ್ತಿದ್ದರು.

"ಸರ್‌ಗಿ ತಬಿಯತ್ ಬರೋಬರಿ ಇಲ್ಲೇನ್ರಿ? ಮುಂಜಾನಿ ಸಲಾಂ ಅಂದೆ, ಹಂಗೇ ಹೋದ್ರು. ಇಡೀ ದಿನ ಫಿಕರ್ ಆಯ್ತು."

ಅವರಿಗೆ ಚಹಾ ಕೊಟ್ಟು ಕಳಿಸಿದ ಮೇಲೆ ಸುನಂದಾ ನನ್ನನ್ನು ಕೇಳಿದಳು. "ಬೇಕಂತ ಮಾಡಿದ್ರೋ, ಮರತಿದ್ರೋ?"

ಪರೀಕ್ಷೆ ಮಾಡಿದೆ ಎಂದೆ. ಆದರೆ ನಿಜ ಹೇಳಲೆ? ಬೆಳಿಗ್ಗೆ ಮೈನೋದ್ದೀನ್ ಸಾಬರು ಎದುರಾದದ್ದೇ ನನಗೆ ನೆನಪಿಲ್ಲ.

ನನ್ನ ನೆನಪು ಹೋಗುತ್ತಿದ್ದರೆ ಹೋಗಲಿ, ನನ್ನನ್ನು ನೆನಪಿಟ್ಟುಕೊಳ್ಳುವವರು ಓಣಿಯಲ್ಲಿದ್ದಾರೆ. ನಾಳೆ ಬೆಳಿಗ್ಗೆ ನೀವೂ ಒಂದು ನಮಸ್ಕಾರಕ್ಕೆ ಉತ್ತರ ಕೊಡದೆ ನೋಡಿ. ಸಂಜೆ ನಿಮ್ಮ ಬಾಗಿಲಿಗೆ ಬೈಯಲಿಕ್ಕಾದರೂ ಯಾರು ಬರುತ್ತಾರೆ?